88.1ರಲ್ಲಿ ಕನ್ನಡ

ಮುಂಬಯಿಯಲ್ಲಿ ರೇಡಿಯೊ ಮೇಲೆ ಕನ್ನಡ ಕೇಳಬೇಕಾದರೆ ಒಂದು ಕಾಲದಲ್ಲಿ ಕತ್ತಲಾಗುವುದನ್ನೇ ಕಾಯಬೇಕಿತ್ತು. 1991ರಲ್ಲಿ ನಾನು ಡೊಂಬಿವಲಿಯಲ್ಲಿ ಒಂದು ಕೋಣೆ ಹಿಡಿದಾಗ ಊರಿಂದ ತಂದ ಸಾಮಾನಿನಲ್ಲಿ ಅಪ್ಪನ ಟ್ರಾನ್ಸಿಸ್ಟರೂ ಇತ್ತು. ಹಗಲು ಹೊತ್ತು ಧಾರವಾಡ ಆಕಾಶವಾಣಿಯ ಸುಳಿವೇ ಇರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಮುಳ್ಳನ್ನು 765ರ ಹತ್ತಿರ ತಂದು, ಪೆಟ್ಟಿಗೆಯನ್ನು ಅತ್ತ ಇತ್ತ ತಿರುಗಿಸುತ್ತ ಕೂತರೆ, ಯಾವುದೋ ಒಂದು ಕೋನದಲ್ಲಿ ಧಾರವಾಡದ ದನಿ ಉಬ್ಬುತ್ತ ಇಳಿಯುತ್ತ ಬಂದುಬಿಡುತ್ತಿತ್ತು. ಪಕ್ಕದ ಮನೆಯವರು ಟ್ಯೂಬ್‌ಲೈಟ್ ಹಾಕಿದರೆ ಗರ್ ಎಂದು ಮಾಯ!

ಇದರಲ್ಲಿ ಪವಾಡವೇನಿಲ್ಲ. ಮಧ್ಯಮ ತರಂಗದ ಅಲೆಗಳನ್ನು ಹಗಲಿನಲ್ಲಿ ಮೇಲಿನ ವಾತಾವರಣದ ಒಂದು ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರಕ್ಕೆ ತಾಗಿ ಅಲೆಗಳು ನೂರಾರು ಮೈಲಿ ಆಚೆ ಬೀಳುತ್ತವೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಕೇಂದ್ರವನ್ನು ಮುಂಬಯಿಯವರಿಗಾಗಿ ಕಟ್ಟಿದ್ದಲ್ಲ. ಆದರೆ ರಾಜ್ಯದ ಗಡಿ ಎಲ್ಲಿದೆ ಎಂಬುದು ಆ ಅಲೆಗಳಿಗೆ ಗೊತ್ತಿರಲಿಲ್ಲ, ಅಷ್ಟೆ.

ಎಫ್‌ಎಂ ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಈ ವಿದ್ಯೆ ಭಾರತದಲ್ಲಿ ಮೊದಲು ಕಣ್ಣುಬಿಟ್ಟದ್ದು 1977ರ ಜುಲೈನಲ್ಲಿ, ಮದರಾಸಿನಲ್ಲಿ. ದನಿ ಕನ್ನಡಿಯಂತೆ ಸ್ವಚ್ಛ. ಆದರೆ ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ದೃಷ್ಟಿ ಹೋದಷ್ಟೇ ದೂರ ಹೋಗುವಂಥದ್ದು. ಐವತ್ತು ಅರವತ್ತು ಕಿಲೋಮೀಟರ್ ದಾಟಿದರೆ ಮುಗಿಯಿತು. ಹೀಗಾಗಿ ಅದು ಆಯಾ ಊರಿನ ರೇಡಿಯೊ. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ರೇಡಿಯೊ ಸಿಟಿ ಶುರುವಾಯಿತು. ಮುಂದಿನ ವರ್ಷ ಮುಂಬಯಿಯಲ್ಲೂ ಸಾಲುಸಾಲಾಗಿ ಖಾಸಗಿ ಕೇಂದ್ರಗಳು ಹುಟ್ಟಿದವು. ಲೈಸೆನ್ಸಿಗೆ ಕೋಟಿಗಟ್ಟಲೆ ಸುರಿದವರು ಆ ದುಡ್ಡನ್ನು ಜಾಹೀರಾತಿನಿಂದ ಎತ್ತಬೇಕಲ್ಲ! ಎಲ್ಲರೂ ಅದೇ ಹತ್ತಿಪ್ಪತ್ತು ಹಿಂದಿ ಹಾಡುಗಳನ್ನು ತಿರುಗಿಸಿ ಮುರುಗಿಸಿ ಹಾಕಿದರು. ಲಕ್ಷಗಟ್ಟಲೆ ಕನ್ನಡಿಗರಿದ್ದ ನಗರದಲ್ಲಿ ಕನ್ನಡದ್ದು ಅಂತ ಒಂದು ಖಾಸಗಿ ಕೇಂದ್ರವೂ ಬರಲಿಲ್ಲ. (ಬೆಂಗಳೂರಿನಲ್ಲೇ ಆ ಮೊದಲ ವರ್ಷಗಳಲ್ಲಿ ಎಫ್‌ಎಂ ಮೇಲೆ ಹಿಂದಿ ಎಷ್ಟು ಸಲೀಸಾಗಿ ಹರಿಯುತ್ತಿತ್ತು ಎಂಬುದು ಓದುಗರಿಗೆ ನೆನಪಿರಬಹುದು. ನಾವು ಯಾರ ಮೇಲೆ ಸಿಟ್ಟಾಗೋಣ?)

ಕಾರಿನೊಳಗೆ ಈ ಕೊರತೆ ಇನ್ನೂ ಜಾಸ್ತಿ. ಮನೆಯಲ್ಲಾದರೆ ಟೇಪ್ ರೆಕಾರ್ಡರ್ ಇತ್ತು. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳಿಗೆ ಬರವೇ ಇರಲಿಲ್ಲ. ಊರಿಗೆ ಹೋದವರೆಲ್ಲ ಅವಲಕ್ಕಿ, ಕುಂದಾ ಜೊತೆಗೆ ನಾಲ್ಕು ಕ್ಯಾಸೆಟ್ಟು ತರುವುದು ರೂಢಿ. ಆದರೆ 2004ರಲ್ಲಿ ನಾನು ಕೊಂಡ ಹಳೇ ಮಾರುತಿಯಲ್ಲಿ ಹಿಂದಿನ ಮಾಲೀಕರು ಕ್ಯಾಸೆಟ್ ಕಿತ್ತು ಸೀಡಿ ಪ್ಲೇಯರ್ ಹಾಕಿಸಿದ್ದರು. ಅದು ಎಂಪಿ3 ಸೀಡಿ ಓದದು. ಹೊರಗಿನ ತಂತಿ ಚುಚ್ಚುವ ತೂತು ಇಲ್ಲ. ಕ್ಯಾಸೆಟ್ ಆಕಾರದ ಅಡಾಪ್ಟರ್ ಹಾಕಲು ಕ್ಯಾಸೆಟ್ಟಿನ ಬಾಯಿಯೂ ಇಲ್ಲ. ಆ ಪೆಟ್ಟಿಗೆಯೊಳಗೆ ನಮ್ಮ ಹಾಡು ಹೋಗಲು ಉಳಿದಿದ್ದ ದಾರಿ ಒಂದೇ, ಮೇಲಿನ ಏರಿಯಲ್.

ಆ ದಾರಿಯಲ್ಲಿ ನುಗ್ಗುವ ಯುಕ್ತಿ ಹೊಸದಲ್ಲ. 1940ರ ಆಸುಪಾಸಿನಲ್ಲೇ ಅಮೆರಿಕದಲ್ಲಿ ಫಿಲ್ಕೊದಂಥ ಕಂಪನಿಗಳು ತಂತಿ ಇಲ್ಲದೆ ಮನೆಯ ರೇಡಿಯೊದಲ್ಲಿ ಕೇಳಿಸುವ ಗ್ರಾಮಫೋನ್ ಮಾರಿದ್ದವು. ಪ್ಲೇಟಿನ ಹಾಡನ್ನು ಅದೊಂದು ಪುಟ್ಟ ಕೇಂದ್ರದ ಹಾಗೆ ಕೋಣೆಯಲ್ಲಿ ಬಿತ್ತರಿಸುತ್ತಿತ್ತು. ಕಾರಿನಲ್ಲಿ ಪ್ಲೇಟು ಹಾಕುವ ಹುಚ್ಚೂ ನಡೆದಿತ್ತು. ಕ್ರೈಸ್ಲರ್ ಕಂಪನಿ 1956ರ ಮಾದರಿಯ ಕಾರುಗಳಲ್ಲಿ ನಿಧಾನವಾಗಿ ತಿರುಗುವ ವಿಶೇಷ ಪ್ಲೇಟುಗಳ ಗ್ರಾಮಫೋನನ್ನೇ ಕೂರಿಸಿತ್ತು. ಅದು ಹೆಚ್ಚು ದಿನ ಬಾಳಲಿಲ್ಲ. 1979ರಲ್ಲಿ ವಾಕ್‌ಮನ್, 2001ರ ಅಕ್ಟೋಬರಿನಲ್ಲಿ ಐಪಾಡ್ ಬಂದು ಹಾಡಿನ ಭಂಡಾರವೇ ಕಿಸೆಗೆ ಇಳಿದ ಮೇಲೆ, ಕಿಸೆಯದನ್ನು ಕಾರಿಗೆ ದಾಟಿಸುವ ಚಿಕ್ಕ ಎಫ್‌ಎಂ ಟ್ರಾನ್ಸ್‌ಮಿಟರುಗಳ ಭರಾಟೆ ಶುರುವಾಯಿತು. ಬ್ರಿಟನ್ನಿನಲ್ಲಿ ಅವನ್ನು ಬಳಸುವುದು 2006ರ ಡಿಸೆಂಬರಿನವರೆಗೂ ಕಾನೂನುಬಾಹಿರ. ಆಮೇಲೂ 50 ನ್ಯಾನೊವ್ಯಾಟ್ ಮೀರಬಾರದೆಂಬ ಕಟ್ಟಳೆ. ಧಾರವಾಡದ 200 ಕಿಲೋವ್ಯಾಟ್ ಎಲ್ಲಿ, ಒಂದು ವ್ಯಾಟಿನ ಎರಡು ಕೋಟಿಯಲ್ಲೊಂದು ಪಾಲು ಎಲ್ಲಿ!

ನನ್ನದು ಹೆಸರಿಲ್ಲದ ಚೀನಾ ಮಾಲು. 2005ರಲ್ಲಿ ಮನೀಶ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ 650 ರೂಪಾಯಿಗೆ ತಂದದ್ದು. ಸಿಗರೇಟ್ ಹೊತ್ತಿಸುವ ತೂತಿಗೆ ಚುಚ್ಚಿದರೆ ಕೆಂಪು ದೀಪ. 88.1, 88.3, 88.5, 88.7 ಎಂದು ನಾಲ್ಕೇ ನಾಲ್ಕು ಜಾಗ. ಜೊತೆಗೆ 128 ಎಂಬಿಯ ಎಂಪಿ3 ಪ್ಲೇಯರ್, ಅದರೊಳಗೆ ಹೆಚ್ಚೆಂದರೆ ಮೂವತ್ತು ಹಾಡು. ಪ್ಲೇಯರಿನ ದನಿ ಪೂರ್ತಿ ಏರಿಸಿದರೆ ಒಡಕು, ಮುಕ್ಕಾಲಿಗೆ ಇಟ್ಟರೆ ಹದ. ಏರಿಯಲ್ ಕಾರಿನ ಹೊರಗೆ, ಟ್ರಾನ್ಸ್‌ಮಿಟರ್ ಒಳಗೆ, ನಡುವೆ ತಗಡಿನ ಮೈ. ಆದ್ದರಿಂದ ತಂತಿಯನ್ನು ಕಿಟಕಿ ಗಾಜಿನ ಕಡೆ ಎಳೆದಿಡಬೇಕು. ಹೀಗೆ ಹೊಂದಿಸಿದ ದಿನ ರಾಜಕುಮಾರ್ ಕಂಠ ಕಾರಿನ ನಾಲ್ಕೂ ಮೂಲೆಯಿಂದ ಬಂತು. ಹಿಂದೆ ಕೂತ ನನ್ನ ಆರು ವರ್ಷದ ಮಗಳು ಕೇಳಿದಳು:

“ಅಪ್ಪಾ, ಈ ಸ್ಟೇಷನ್ ಮನ್ಯಾಗ ಯಾಕ ಬರೂದಿಲ್ಲ?”

“ಇದು ನಮ್ಮ ಕಾರಿನ ಸ್ಟೇಷನ್ ಪುಟ್ಟಿ, ಹೊರಗ ಇಳದ್ರ ಕೇಳೂದಿಲ್ಲ.”

ಅವಳಿಗೆ ಅದು ಸರಿ ಎನಿಸಿತು. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು, ಕಟ್ಟಡದ ಮಕ್ಕಳ ಜೊತೆ ಹಿಂದಿ. ಕನ್ನಡ ಅಂದರೆ ಅವ್ವ ಅಪ್ಪ ಬೈಯುವ ಭಾಷೆ ಅಂತಾಗಿದ್ದ ಹೊತ್ತಿನಲ್ಲಿ, ರೇಡಿಯೊದಿಂದ, ಅದೂ ನಂಬರಿನ ಸಮೇತ, ಕನ್ನಡ ಬರುತ್ತದೆ ಎಂದರೆ ಅದಕ್ಕೊಂದು ದರ್ಜೆ. ಗೆಳತಿಯರನ್ನು ಕೂರಿಸಿಕೊಂಡಾಗ ಅವಳೇ “88.1 ಲಗಾವೊ ಪಪ್ಪಾ” ಎನ್ನುತ್ತಿದ್ದಳು. ಕೋರಿದ್ದು ಹಿಂದಿಯಲ್ಲಿ, ಕೇಳಿದ್ದು ಕನ್ನಡ. ಇರಲಿ, ನಾನು ತಕರಾರು ಮಾಡಲಿಲ್ಲ.

ಈ ‘ನಮ್ಮ ಸ್ಟೇಷನ್’ ಮೇಲೆ ಆಕ್ರಮಣಗಳೂ ಆಗುತ್ತಿದ್ದವು. ಎಫ್‌ಎಂ ರೇಡಿಯೊದ ಒಂದು ಸ್ವಭಾವ ಹೇಳಬೇಕು. ಒಂದೇ ಜಾಗದಲ್ಲಿ ಎರಡು ಅಲೆ ಬಂದರೆ ಅದು ಎರಡನ್ನೂ ಕಲಸುವುದಿಲ್ಲ, ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಬಿಟ್ಟೇಬಿಡುತ್ತದೆ. ನ್ಯಾನೊವ್ಯಾಟಿನ ನಮ್ಮ ಕೇಂದ್ರ ಗೆಲ್ಲುತ್ತಿದ್ದುದೂ ಅದರಿಂದಲೇ. ಅದು ಏರಿಯಲ್ಲಿಗೆ ಅಷ್ಟು ಹತ್ತಿರ. ಆದರೆ ಸಯನ್ ಸಿಗ್ನಲ್ಲಿನಲ್ಲಿ ಅಂಥದ್ದೇ ಡಬ್ಬಿ ಇರುವ ಇನ್ನೊಂದು ಕಾರು ಮಗ್ಗುಲಿಗೆ ಬಂದರೆ ಗುಲಾಬಿ ಮುಳ್ಳಾಗುತ್ತಿತ್ತು. ಒಮ್ಮೆ ಅಶ್ವತ್ಥ್ ಹಾಡು ತಾರಕಕ್ಕೆ ಏರುವ ಹೊತ್ತಿಗೆ ಸರಿಯಾಗಿ ಗುಜರಾತಿ ಭಜನೆ ನುಗ್ಗಿ ಎರಡು ನಿಮಿಷ ನಮ್ಮೊಳಗೇ ಕೂತಿತ್ತು. ಪಕ್ಕದ ಕಾರಿನ ಅಜ್ಜ ಕೂಡ ತನ್ನ ರೇಡಿಯೊವನ್ನು ಕುಟ್ಟುತ್ತಿದ್ದ. ಅವನಿಗೆ ಅಶ್ವತ್ಥ್ ಕೇಳಿಸಿರಬೇಕು.

ಇದರ ಪೂರ್ತಿ ರುಚಿ ಸಿಗುತ್ತಿದ್ದುದು ದೀಪಾವಳಿಗೆ ಊರಿಗೆ ಹೊರಟಾಗ. ಪುಣೆ ಎಕ್ಸ್‌ಪ್ರೆಸ್‌ವೇಯ ಸುರಂಗಗಳಲ್ಲಿ ಮುಂಬಯಿಯ ದೊಡ್ಡ ದೊಡ್ಡ ಕೇಂದ್ರಗಳೆಲ್ಲ ಉಸಿರು ಕಟ್ಟಿ ಸಾಯುತ್ತಿದ್ದವು. ಆಗ ನಮ್ಮ ಐದಡಿ ಕೇಂದ್ರ ಇನ್ನಷ್ಟು ಚೊಕ್ಕ, ಯಾಕೆಂದರೆ ಅಲ್ಲಿ ಪೈಪೋಟಿಗೆ ಯಾರೂ ಇಲ್ಲ. ಲೋಣಾವಳ ದಾಟಿದರೆ ಪುಣೆಯ ಕೇಂದ್ರಗಳು, ಸಾತಾರಾ ಕಡೆಗೆ ಅವೂ ಇಲ್ಲ. ಕೊಲ್ಹಾಪುರ ಹಿಂದೆ ಬಿದ್ದು ನಿಪ್ಪಾಣಿ ಹತ್ತಿರವಾಗುವಾಗ ನಾನು ಡಬ್ಬಿ ಕಿತ್ತು, ರೇಡಿಯೊವನ್ನು ಮಧ್ಯಮ ತರಂಗಕ್ಕೆ ತಿರುಗಿಸುತ್ತಿದ್ದೆ. ಹಾಡಹಗಲಲ್ಲಿ ಧಾರವಾಡ! ಕೃಷಿರಂಗ, ಮಾರುಕಟ್ಟೆ ಧಾರಣೆ, ಏನಿದ್ದರೂ ಸರಿ. ಮಗಳಿಗೆ ಮಾತ್ರ ಬೇಸರ. ಅಲ್ಲಿ ತನಗೆ ಬೇಕಾದ ಹಾಡು ಬರುವುದಿಲ್ಲವಲ್ಲ.

2006–07ರ ಹೊತ್ತಿಗೆ ಎರಡನೇ ಸುತ್ತಿನ ಲೈಸೆನ್ಸುಗಳಿಂದ ಮುಂಬಯಿಯ ಆಕಾಶ ಇನ್ನಷ್ಟು ಗಿಜಿಗುಟ್ಟಿತು. ನಮ್ಮ ಪುಣ್ಯ, ಪಟ್ಟಿಯ ಆ ಕೆಳಗಿನ ತುದಿ ಖಾಲಿಯೇ ಉಳಿಯಿತು. ಆಮೇಲೆ ಕಾರುಗಳಿಗೆ ಯುಎಸ್‌ಬಿ ಬಂತು, ಬ್ಲೂಟೂತ್ ಬಂತು. ಈಗ ಫೋನಿನಲ್ಲಿ ಆಕಾಶವಾಣಿಯ ಆ್ಯಪ್ ತೆರೆದರೆ ಮಧ್ಯಾಹ್ನ ಹನ್ನೆರಡಕ್ಕೂ ಕನ್ನಡ ಬಾನುಲಿ ಕೇಳುತ್ತದೆ, ಕತ್ತಲಿಗೆ ಕಾಯಬೇಕಿಲ್ಲ. ಮಗಳು ಈಗ ಪುಣೆಯಲ್ಲಿ ನೌಕರಿಗಿದ್ದಾಳೆ. ಕನ್ನಡ ಓದಲು ತಡವರಿಸುತ್ತಾಳೆ, ಆದರೆ ಆ ಮೂವತ್ತು ಹಾಡುಗಳನ್ನು ಅದೇ ಅನುಕ್ರಮದಲ್ಲಿ ಹೇಳಬಲ್ಲಳು.

ಡಬ್ಬಿಯನ್ನು ಠಾಣೆಯಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಗೆಳೆಯರಿಗೆ ಕೊಟ್ಟೆ. ಅವರ ಹಳೇ ಓಮ್ನಿ ವ್ಯಾನಿನಲ್ಲಿ ರೇಡಿಯೊ ಬಿಟ್ಟರೆ ಬೇರೇನಿಲ್ಲ. ಬೆಳಗಿನ ಜಾವ ವಾಶಿ ಮಾರ್ಕೆಟ್ಟಿಗೆ ತರಕಾರಿ ತರಲು ಹೋಗುವಾಗ ಅದರಲ್ಲಿ ಯಕ್ಷಗಾನ ಹಾಕುತ್ತಾರೆ. ಮೊನ್ನೆ ಫೋನ್ ಮಾಡಿದ್ದರು: “88.1ರಲ್ಲಿ ಯಾರದ್ದೋ ಟೆಂಪೊದವ ಅಡ್ಡ ಬರ್ತಾನೆ ಮಾರಾಯ್ರೆ, ಭಾಗವತರು ಪದ ಎತ್ತುವಾಗಲೇ. ನಾನೀಗ 88.7ಕ್ಕೆ ಹೋಗಿದ್ದೇನೆ.”