ರಂಗೋಲಿ ಹುಳುವಿನ ವಲಸೆ ಪುರಾಣ

ಹೈದರಾಬಾದಿನಲ್ಲಿ ಎಷ್ಟು ವರ್ಷ ಇದ್ದರೂ "ನಿಮ್ಮದು ಯಾವೂರು?" ಅನ್ನೋ ಪ್ರಶ್ನೆ ನಮ್ಮಂಥವರಿಗೆ ತಪ್ಪೋದಿಲ್ಲ. ಇದೇ ಪ್ರಶ್ನೆಯನ್ನ ಹಿತ್ತಲಿನ ಗಿಡಗಳಿಗೆ, ಹುಳುಹುಪ್ಪಟೆಗಳಿಗೆ ಕೇಳಿ ನೋಡಿ. ಸ್ವಾರಸ್ಯವಾದ ಉತ್ತರ ಸಿಗುತ್ತೆ.

ಬದನೆ, ಹೀರೆ ನಮ್ಮ ದೇಶದವೇ. ಆದರೆ ಟೊಮ್ಯಾಟೊ, ಮೆಣಸಿನಕಾಯಿ, ಪರಂಗಿ ಮೂರೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಇಲ್ಲಿಗೆ ಬರುವ ಮೊದಲು ನಮ್ಮವರ ಸಾರಿನ ಖಾರಕ್ಕೆ ಕಾಳುಮೆಣಸೇ ಗತಿ! ಇಲ್ಲಿನವರ ಗೋಂಗೂರ, ನಮ್ಮ ಗುಲ್ಬರ್ಗ-ರಾಯಚೂರಿನವರ ಪುಂಡಿಪಲ್ಯ, ಅದರ ಮೂಲ ಆಫ್ರಿಕ. ಗಿಡ ವಲಸೆ ಬಂದಮೇಲೆ ಹುಳ ಬರದೇ ಇರುತ್ತದೆಯೇ?

ಏಪ್ರಿಲ್-ಮೇ ಬಿಸಿಲಿನಲ್ಲಿ ಟೊಮ್ಯಾಟೊ, ಸೌತೆ, ಅಲಸಂದೆ ಎಲೆಗಳ ಮೇಲೆ ಬಿಳಿ ಗೆರೆಗಳು ಹಾವಿನ ಹಾಗೆ ಹರಿದಾಡಿರೋದನ್ನ ನೋಡಿರುತ್ತೀರಿ. ಇದಕ್ಕೆ ನಮ್ಮಲ್ಲಿ ರಂಗೋಲಿ ಹುಳು ಅಂತಾರೆ. ಶಾಸ್ತ್ರೀಯ ಹೆಸರು ಲಿರಿಯೊಮೈಜಾ ಟ್ರೈಫೋಲಿ. ಎರಡು ಮಿಲಿಮೀಟರಿನಷ್ಟು ಪುಟ್ಟ, ಕಪ್ಪು-ಹಳದಿ ನೊಣ ಎಲೆ ಚುಚ್ಚಿ ಮೊಟ್ಟೆ ಇಡುತ್ತೆ. ಮರಿಹುಳು ಎಲೆಯ ಎರಡು ಪದರಗಳ ನಡುವೆ ತಿನ್ನುತ್ತಾ ಸುರಂಗ ಕೊರೆಯುತ್ತೆ. ಹೊಟ್ಟೆ ತುಂಬಿದ ಮೇಲೆ ಹೊರಗೆ ಬಂದು ಮಣ್ಣಿಗೆ ಬಿದ್ದು ಕೋಶವಾಗುತ್ತೆ. ಸೆಖೆಗಾಲದಲ್ಲಿ ಎರಡು-ಮೂರು ವಾರಕ್ಕೇ ಹೊಸ ತಲೆಮಾರು ಸಿದ್ಧ.

ಇದೂ ಅಮೆರಿಕ ಮೂಲದ್ದೇ. 1970ರ ದಶಕದಲ್ಲಿ ಫ್ಲಾರಿಡಾದಿಂದ ಹೂವಿನ ವ್ಯಾಪಾರಕ್ಕೆ ಕಳಿಸುತ್ತಿದ್ದ ಸೇವಂತಿಗೆ ಕಡ್ಡಿಗಳ ಜೊತೆ ಲೋಕ ಸುತ್ತಲು ಹೊರಟಿತು. 1976ರಲ್ಲಿ ಕೀನ್ಯಾ ಮುಟ್ಟಿತು. ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಎಲ್ಲಿ ಗೊತ್ತೇ? ಇದೇ ಹೈದರಾಬಾದಿನಲ್ಲಿ, 1990-91ರಲ್ಲಿ, ಹರಳು ಗಿಡದ ಮೇಲೆ. ರಾಜೇಂದ್ರನಗರದ ಎಣ್ಣೆಬೀಜ ಸಂಶೋಧನಾ ನಿರ್ದೇಶನಾಲಯದ ವರದಿಯಲ್ಲಿ ಅದು ದಾಖಲಾಯಿತು. ಇಲ್ಲಿಗೂ ಸೇವಂತಿಗೆ ಕಡ್ಡಿಯ ಜೊತೆಗೇ ಬಂದಿರಬೇಕು ಅಂತ ವಿಜ್ಞಾನಿಗಳ ಅಂದಾಜು.

ಹುಳು ಕಂಡ ಕೂಡಲೇ ಔಷಧಿ ಹೊಡೆಯೋದು ನಮ್ಮ ಅಭ್ಯಾಸ. ಈ ಹುಳುವಿನ ವಿಷಯದಲ್ಲಿ ಅದೇ ತಿರುಗುಬಾಣ. ಮರಿಹುಳು ಎಲೆಯ ಒಳಗೆ ಬೆಚ್ಚಗೆ ಕೂತಿರುತ್ತೆ, ಹೊರಗೆ ಹೊಡೆದ ವಿಷ ತಾಗೋದು ಕಡಿಮೆ. ಸಾಯೋದು ಆ ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಗಳು. ಫ್ಲಾರಿಡಾದ ಬೆಳೆಗಾರರಿಗೆ ಒಂದೊಂದು ಔಷಧಿಯೂ ಕೆಲವೇ ವರ್ಷಕ್ಕೆ ಕೈಕೊಟ್ಟಿತ್ತು. ನಮ್ಮ ದೇಶದಲ್ಲಂತೂ ಇಲ್ಲಿಯವೇ ಆದ ಕಣಜಗಳು ಈ ಹೊಸ ಅತಿಥಿಯನ್ನು ಹುಡುಕಿ ತಿನ್ನಲು ಕಲಿತವು. ಪರದೇಶಿ ಹುಳುವನ್ನು ಹದ್ದುಬಸ್ತಿನಲ್ಲಿ ಇಡೋರು ಈ ಸ್ಥಳೀಯರೇ!

ಸ್ಥಳೀಯರ ಕೈಲಿ ಆಗದಿದ್ದಾಗ ಏನು ಮಾಡೋದು? ಪರಂಗಿಯ ಹಿಟ್ಟು ತಿಗಣೆಯ ಕಥೆ ಕೇಳಿ. ಮೆಕ್ಸಿಕೊ ಕಡೆಯ ಈ ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ತಮಿಳುನಾಡು, ಕರ್ನಾಟಕಗಳಲ್ಲಿ ಪರಂಗಿಯ ಜೊತೆ ಹಿಪ್ಪುನೇರಳೆಗೂ ಹತ್ತಿತು. ಹಿಪ್ಪುನೇರಳೆಗೆ ವಿಷ ಹೊಡೆದರೆ ರೇಷ್ಮೆಹುಳವೇ ಸಾಯುತ್ತೆ. ರೈತರಿಗೆ ಅತ್ತ ದರಿ, ಇತ್ತ ಪುಲಿ. ಕೊನೆಗೆ 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆ ಪೋರ್ಟೊರಿಕೊದಿಂದ ಆ ತಿಗಣೆಯ ಹಳೇ ಶತ್ರುಗಳಾದ ಮೂರು ಜಾತಿಯ ಕಣಜಗಳನ್ನು ತರಿಸಿತು. ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ನಮ್ಮ ಕಾಸರಗೋಡಿನಲ್ಲಿ. ಗೇರುತೋಟದ ಟೀ ಸೊಳ್ಳೆ ಅನ್ನೋ ಕೀಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ. ತೋಟದ ಕೆಳಗಿನ ಪಡ್ರೆಯಂಥ ಕನ್ನಡ-ತುಳು ಮಾತಿನ ಹಳ್ಳಿಗಳ ಮಕ್ಕಳ ಗೋಳು ದೇಶಕ್ಕೆಲ್ಲ ಗೊತ್ತಾಯಿತು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಹುಳಕ್ಕೆ ಅಂತ ಹೊಡೆದದ್ದು ಹುಳದ ಹತ್ತಿರವೇ ನಿಲ್ಲೋದಿಲ್ಲ. ನಾವು ಬೆಳೆಯೋ ಸೊಪ್ಪು ಹೋಗೋದು ಮೊಮ್ಮಕ್ಕಳ ತಟ್ಟೆಗೇ ಅಲ್ಲವೇ?

ಹಾಗಾದರೆ ಹಿತ್ತಲಿನಲ್ಲಿ ಏನು ಮಾಡಬಹುದು? ರಂಗೋಲಿ ಬಿದ್ದ ಕೆಳಗಿನ ಎಲೆಗಳನ್ನು ಶುರುವಿನಲ್ಲೇ ಕಿತ್ತುಹಾಕಿ. ಬೆಳೆ ಮುಗಿದ ಪಾತಿಯ ಮಣ್ಣನ್ನು ಬೇಸಿಗೆ ಬಿಸಿಲಿಗೆ ತಿರುವಿ ಹಾಕಿದರೆ ಒಳಗಿನ ಕೋಶಗಳು ಒಣಗುತ್ತವೆ. ಅದೂ ಸಾಲದಿದ್ದರೆ ಬೇವಿನ ಬೀಜದ ಕಷಾಯ ಸಂಜೆ ಹೊತ್ತು ಸಿಂಪಡಿಸಿ. ಎಲೆಗಳ ಮೇಲೆ ನಾಲ್ಕು ಗೆರೆ ಬಿದ್ದರೆ ಟೊಮ್ಯಾಟೊ ಫಸಲೇನೂ ಹೋಗೋದಿಲ್ಲ.

ಮಣ್ಣಿನ ತಟ್ಟೆಯಲ್ಲಿ ಒಂದಿಷ್ಟು ನೀರಿಡಿ. ಟುವ್ವಿ ಹಕ್ಕಿ, ಪಿಕಳಾರ ಬರ್ತವೆ, ಎಲೆ ಸಂದಿಯ ಕಂಬಳಿಹುಳಗಳನ್ನೂ ಹೆಕ್ಕುತ್ತವೆ. ಬೇಲಿ ಮೇಲೆ ತಲೆ ಆಡಿಸೋ ಓತಿಕ್ಯಾತನಿಗೆ ಕಲ್ಲು ಹೊಡೆಯೋ ಮಕ್ಕಳಿಗೆ ಸ್ವಲ್ಪ ಬುದ್ಧಿ ಹೇಳಿ. ಇವರೆಲ್ಲ ಸಂಬಳ ಕೇಳದ ಆಳುಗಳು ಕಣ್ರೀ.