ಒಂಟಿ ಓದು, ಜೊತೆ ಓದು

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದಬೇಕೆಂದು ಬಂದವರು ಮೊದಲ ವರ್ಷದ ಕ್ಯಾಲ್ಕುಲಸ್ ದಾಟಲೇಬೇಕಿತ್ತು. ಆ ಹೊಸ್ತಿಲಲ್ಲೇ ಕಪ್ಪು ವಿದ್ಯಾರ್ಥಿಗಳು ಎಡವುತ್ತಿದ್ದರು. ಮೊದಲ ಅವಧಿಯ ಕ್ಯಾಲ್ಕುಲಸ್ ಮುಗಿಸಿದವರಲ್ಲಿ ಸುಮಾರು ಶೇ. 60ರಷ್ಟು ಮಂದಿಗೆ ಸಿಗುತ್ತಿದ್ದುದು ಡಿ ಅಥವಾ ಎಫ್ ದರ್ಜೆ. ಎಂಜಿನಿಯರ್ ಆಗುವ ಆಸೆ ಎಷ್ಟೋ ಜನರಿಗೆ ಅಲ್ಲಿಗೇ ಮುಗಿಯುತ್ತಿತ್ತು.

ಕಾರಣ ಕೇಳಿದರೆ ಅಧ್ಯಾಪಕರ ಬಳಿ ಉತ್ತರ ಸಿದ್ಧವಿತ್ತು: ಓದುವ ಹಂಬಲ ಸಾಲದು, ಹೈಸ್ಕೂಲಿನ ತಳಪಾಯ ಗಟ್ಟಿಯಿಲ್ಲ, ಮನೆಯ ಬೆಂಬಲವಿಲ್ಲ, ಬಡತನ. ಅಲ್ಲೇ ಸಂಶೋಧನೆ ಮಾಡುತ್ತಿದ್ದ ಯೂರಿ ಟ್ರೈಸ್‌ಮನ್ ಇದನ್ನು ನೋಡಿಯೇ ತಿಳಿಯಲು ಹೊರಟರು. 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದವರನ್ನೂ ಆರಿಸಿಕೊಂಡು, ಅವರು ಓದುವ ಕಡೆಗೇ ಹೋಗಿ ತಿಂಗಳುಗಟ್ಟಲೆ ಗಮನಿಸಿದರು.

ಅಧ್ಯಾಪಕರ ಊಹೆಗಳು ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಶಾಲೆಗೇ ಮೊದಲಿಗರಾಗಿದ್ದವರು. ಮಕ್ಕಳು ಓದಲೆಂದು ಹೆತ್ತವರು ಜೀವ ತೇದಿದ್ದರು. ಅವರು ಮನೆಗೆಲಸದ ಲೆಕ್ಕಗಳನ್ನು ತಪ್ಪದೆ ಮಾಡುತ್ತಿದ್ದರು, ಆದರೆ ಒಂಟಿಯಾಗಿ. 20ರಲ್ಲಿ 18 ಮಂದಿ ಸಹಪಾಠಿಗಳ ಜೊತೆ ಕೂತು ಓದಿದ್ದೇ ಇಲ್ಲ. ಹಾಗಾಗಿ ಲೆಕ್ಕ ತಪ್ಪಿದಾಗ ತಪ್ಪಿದ್ದು ತಾನೊಬ್ಬನೋ, ಲೆಕ್ಕವೇ ಎಲ್ಲರಿಗೂ ಕಷ್ಟವೋ ಎಂದು ತಿಳಿಯುವ ದಾರಿ ಅವರಿಗಿರಲಿಲ್ಲ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಸಂಜೆ ಒಟ್ಟಿಗೆ ಸೇರುತ್ತಿದ್ದರು. ಉತ್ತರ ಹೋಲಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ಹಿಂದುಳಿದವರಿಗೆಂದು ಪರಿಹಾರ ಬೋಧನೆ ಇತ್ತು. ಆದರೆ ಶಾಲೆಯಲ್ಲಿ ಮೊದಲ ಸ್ಥಾನ ಪಡೆದು ಬಂದವರು ತಮ್ಮನ್ನು ದಡ್ಡರೆಂದು ಗುರುತಿಸುವ ಕೋಣೆಗೆ ಕಾಲಿಡುತ್ತಿರಲಿಲ್ಲ. 1978ರಲ್ಲಿ ಆರಂಭವಾದ ಟ್ರೈಸ್‌ಮನ್ ಕಾರ್ಯಾಗಾರ ಇದನ್ನು ತಿರುವುಮುರುವು ಮಾಡಿತು. ಅಲ್ಲಿಗೆ ಕರೆದದ್ದು ದುರ್ಬಲರೆಂದಲ್ಲ, ಹೆಚ್ಚಿನದನ್ನು ಸಾಧಿಸಬಲ್ಲವರೆಂದು. ಕೊಟ್ಟ ಲೆಕ್ಕಗಳು ಪಠ್ಯದವಕ್ಕಿಂತ ಕಠಿಣ. ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಕೂತು ವಾದಿಸಿ ಬಿಡಿಸಬೇಕು. ಮೇಲ್ವಿಚಾರಕ ಸುಮ್ಮನೆ ಉತ್ತರ ಹೇಳಿಕೊಡುವಂತಿಲ್ಲ.

ತರಗತಿಯಾಗಲಿ ಪರೀಕ್ಷೆಯಾಗಲಿ ಇವರಿಗೆಂದು ಸಡಿಲವಾಗಲಿಲ್ಲ. ಆದರೂ ಕಾರ್ಯಾಗಾರಕ್ಕೆ ಬಂದ ಕಪ್ಪು ವಿದ್ಯಾರ್ಥಿಗಳು ಬಾರದವರಿಗಿಂತ ಬಹಳ ಮುಂದೆ ಹೋದರು. ಟ್ರೈಸ್‌ಮನ್ ಮುಂದೆ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಮೆರಿಕದ ಹಲವು ಕಾಲೇಜುಗಳು ಈ ಕ್ರಮವನ್ನು ಅನುಸರಿಸಿದವು. 1992ರಲ್ಲಿ ಅವರು ಈ ಅನುಭವವನ್ನು ಲೇಖನವಾಗಿ ಪ್ರಕಟಿಸಿದರು.

ಸೋಲುವ ವಿದ್ಯಾರ್ಥಿಗೆ ಸುಲಭದ ಲೆಕ್ಕ ಕೊಡುವುದೇ ನೆರವು ಎಂಬ ನಂಬಿಕೆ ನಮ್ಮ ಟ್ಯೂಷನ್ ಕೋಣೆಗಳಲ್ಲೂ ಇದೆ. ಬರ್ಕ್ಲಿಯಲ್ಲಿ ಕೆಲಸಕ್ಕೆ ಬಂದದ್ದು ಕಷ್ಟದ ಲೆಕ್ಕ, ಮತ್ತು ಅದರ ಮುಂದೆ ಜೊತೆಗೆ ಕೂರುವ ನಾಲ್ಕು ಮಂದಿ.