ಟರ್ಬೊ ಒತ್ತಡಕ್ಕೆ ಕಡಿವಾಣ

ಟರ್ಬೊ ಎಂಜಿನ್ನಿನಲ್ಲಿ ಹೊಗೆಯ ರಭಸ ಟರ್ಬೈನನ್ನು ತಿರುಗಿಸುತ್ತದೆ. ಟರ್ಬೈನ್ ತಿರುಗಿದಂತೆ ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗುತ್ತದೆ, ಹೆಚ್ಚು ಇಂಧನ ಉರಿದು ಹೊಗೆಯೂ ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಾದರೂ ತಡೆಯದಿದ್ದರೆ ಪಿಸ್ಟನ್ನೇ ಕರಗೀತು. 1962ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಎರಡು ಕಾರುಗಳು ಇದಕ್ಕೆ ಎರಡು ದಾರಿ ಹಿಡಿದವು.

ಷೆವರ್ಲೆ ಕಾರ್ವೇರ್‌ನಲ್ಲಿ ಒತ್ತಡ ತಗ್ಗಿಸುವ ಕವಾಟವೇ ಇರಲಿಲ್ಲ. ಸೈಲೆನ್ಸರಿನ ಇಕ್ಕಟ್ಟಾದ ಹಾದಿಯೇ ಹೊಗೆಯ ಓಟಕ್ಕೆ ಮಿತಿ ಹಾಕುತ್ತಿತ್ತು. ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್‌ನಲ್ಲಿ ಮಾತ್ರ ವೇಸ್ಟ್‌ಗೇಟ್ ಇತ್ತು. ಬೂಸ್ಟ್, ಅಂದರೆ ಒಳನುಗ್ಗುವ ಗಾಳಿಯ ಒತ್ತಡ, ಸುಮಾರು 5 ಪಿಎಸ್‌ಐ ಮುಟ್ಟಿದರೆ ಅದು ತೆರೆದುಕೊಂಡು, ಹೆಚ್ಚುವರಿ ಹೊಗೆಯನ್ನು ಟರ್ಬೈನಿಗೆ ತಾಕಿಸದೆ ಹೊರಗೆ ಸಾಗಿಸುತ್ತಿತ್ತು.

ಜೆಟ್‌ಫೈರ್‌ನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಅದರ ಕಂಪ್ರೆಷನ್ ಅನುಪಾತ 10.25ಕ್ಕೆ 1. ಟರ್ಬೊ ಎಂಜಿನ್ನಿಗೆ ಅದು ವಿಪರೀತ. ಇಂಧನ ಹೊತ್ತಿಗೆ ಮುಂಚೆಯೇ ಸಿಡಿದು ನಾಕಿಂಗ್ ಶುರುವಾಗುವ ಭಯ. ಅದಕ್ಕೆಂದು ಬಟ್ಟಿ ಇಳಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮ್ಮಿಸುವ ಏರ್ಪಾಡಿತ್ತು. ಆ ದ್ರವ ತೀರಿದರೆ ಬೂಸ್ಟ್ ಏರದಂತೆ ತಡೆಯುವ ಇನ್ನೊಂದು ಕವಾಟವೂ ಇತ್ತು. ಎಂಜಿನಿಯರುಗಳು ಎಲ್ಲವನ್ನೂ ಯೋಚಿಸಿದ್ದರು. ಆದರೆ ಎಷ್ಟೋ ಮಾಲೀಕರು ದ್ರವವನ್ನೇ ತುಂಬಿಸಲಿಲ್ಲ; ಕಾರಿಗೆ ಶಕ್ತಿಯಿಲ್ಲವೆಂಬ ದೂರುಗಳು ಬಂದವು. 1963ಕ್ಕೆ ಅದರ ತಯಾರಿಕೆ ನಿಂತಿತು.

ಸ್ವೀಡನ್ನಿನ ಸಾಬ್ ಕಂಪನಿ 1977ರಲ್ಲಿ 99 ಟರ್ಬೊ ಕಾರನ್ನು ತೋರಿಸಿದಾಗ ವೇಸ್ಟ್‌ಗೇಟಿಗೆ ಹೊಸ ಅರ್ಥ ಬಂತು. ಕವಾಟ ಮೇಲಿನ ಮಿತಿಯನ್ನು ಕಾಯುವುದರಿಂದ ಚಿಕ್ಕ ಟರ್ಬೊ ಹಾಕಬಹುದು, ಚಿಕ್ಕ ಟರ್ಬೊ ಬೇಗ ವೇಗ ಹಿಡಿಯುತ್ತದೆ. 1980ರ ದಶಕದ ಆರಂಭದಲ್ಲಿ ಇದೇ ಕಂಪನಿಯ ಎಪಿಸಿ ವ್ಯವಸ್ಥೆ ನಾಕಿಂಗ್ ಅನ್ನು ಸೆನ್ಸರಿನಿಂದ ಆಲಿಸಿ, ವಿದ್ಯುತ್ ಕವಾಟದ ಮೂಲಕ ಬೂಸ್ಟ್ ತಗ್ಗಿಸತೊಡಗಿತು. ಕವಾಟವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗಿನ ಕೆಲಸ ಕಂಪ್ಯೂಟರಿನ ಕೈಗೆ ಬಂದದ್ದು ಹೀಗೆ.

ಬೂಸ್ಟ್ ಮೇಲಿನ ಈ ಹಿಡಿತವನ್ನು ಅಮೆರಿಕದ ಡ್ರ್ಯಾಗ್ ಪಂದ್ಯಗಳಿಗೆ, ಅಂದರೆ ಕಾಲು ಮೈಲಿಯ ನೇರ ಓಟಕ್ಕೆ, ಹೊಂದಿಸಿಕೊಂಡವರಲ್ಲಿ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ಮಾಲೀಕರ ಪಾತ್ರ ದೊಡ್ಡದು. 1987ರವರೆಗೆ ತಯಾರಾದ ಈ ಕಾರಿನ 3.8 ಲೀಟರ್ ವಿ6 ಎಂಜಿನ್ನಿನಲ್ಲಿ ವೇಸ್ಟ್‌ಗೇಟಿನ ಕಡ್ಡಿಯನ್ನು ತುಸು ಮೊಟಕು ಮಾಡಿದರೆ ಬೂಸ್ಟ್ ಏರುತ್ತಿತ್ತು. ಸ್ಪ್ಯಾನರ್ ಹಿಡಿಯಬಲ್ಲ ಯಾರಿಗಾದರೂ ಸಾಧ್ಯವಾಗುವ ಕೆಲಸ.

ಮುಂದೆ ಶಕ್ತಿ ಏರಿದಂತೆ ಹೊಸ ತೊಡಕು ಕಂಡಿತು. ಹೊರಡುವ ಗಳಿಗೆಯಲ್ಲೇ ಪೂರ್ತಿ ಬೂಸ್ಟ್ ಬಂದರೆ ಟೈರು ನೆಲ ಕಚ್ಚದೆ ಸುಮ್ಮನೆ ಉರಿಯುತ್ತದೆ. ಆದ್ದರಿಂದ ಕಡಿಮೆ ಬೂಸ್ಟಿನಲ್ಲಿ ಹೊರಟು, ಗೇರು ಏರಿದಂತೆ ಇಲ್ಲವೆ ಸೆಕೆಂಡು ಕಳೆದಂತೆ ಏರಿಸುವ ಪದ್ಧತಿ ಬೆಳೆಯಿತು. ಮೆದು ಸ್ಪ್ರಿಂಗ್ ಹಾಕಿ, ವೇಸ್ಟ್‌ಗೇಟಿನ ಸ್ಪ್ರಿಂಗ್ ಇರುವ ಮೇಲ್ಕೋಣೆಗೆ ಅನಿಲ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕವಾಟವನ್ನು ಬೇಕಾದಷ್ಟು ಹೊತ್ತು ಮುಚ್ಚಿಡುವ ಉಪಾಯ ಬಂತು. ಡ್ರ್ಯಾಗ್ ಲೋಕದ ಅತ್ಯಂತ ಜಾಣ ಉಪಾಯಗಳಲ್ಲಿ ಇದೂ ಒಂದು.

ಮನೆಯ ಶೆಡ್ಡಿನಲ್ಲಿ ಕಟ್ಟಿದ ಕಾರು ಕೈಕೊಡುವುದೂ ವೇಸ್ಟ್‌ಗೇಟಿನ ಸುತ್ತಮುತ್ತಲೇ. ಎಂಜಿನ್ ವೇಗದ ಜೊತೆಗೆ ಬೂಸ್ಟ್ ತಾನಾಗಿ ಏರುತ್ತಲೇ ಹೋದರೆ ವೇಸ್ಟ್‌ಗೇಟ್ ಚಿಕ್ಕದು, ಇಲ್ಲವೆ ಹೊಗೆ ಸುಲಭವಾಗಿ ತಿರುಗಲಾರದ ಕಡೆ ಅದನ್ನು ಬೆಸೆಯಲಾಗಿದೆ. ಬೂಸ್ಟ್ ನಿಯಂತ್ರಿಸುವ ಯಾವ ಕಂಟ್ರೋಲರೂ ಇದನ್ನು ಸರಿಪಡಿಸಲಾರದು. ಓಟದ ಕೊನೆಗೆ ಬೂಸ್ಟ್ ಕುಸಿದರೆ ಸೋರುವ ಗಾಳಿಪೈಪು, ಸೋತ ಸ್ಪ್ರಿಂಗ್ ಅಥವಾ ಹೊಗೆಯ ಒತ್ತಡಕ್ಕೆ ತಾನೇ ತೆರೆದುಕೊಳ್ಳುವ ಕವಾಟ ಕಾರಣವಿರಬಹುದು. ವೇಸ್ಟ್‌ಗೇಟಿಗೆ ಒತ್ತಡ ತಲುಪಿಸುವ ಸಣ್ಣ ರಬ್ಬರ್ ನಳಿಗೆ ಬಿಸಿಗೆ ಕರಗಿದ್ದರಂತೂ ಬೂಸ್ಟ್ ಲಂಗುಲಗಾಮಿಲ್ಲದೆ ಏರುತ್ತದೆ. ಹೊಸ ಕಂಟ್ರೋಲರಿಗೆ ದುಡ್ಡು ಸುರಿಯುವ ಮೊದಲು ಹಳೆಯದನ್ನು ಬದಿಗಿಟ್ಟು, ಟರ್ಬೊದಿಂದ ವೇಸ್ಟ್‌ಗೇಟಿನ ಕೆಳಕೋಣೆಗೆ ಒಂದೇ ನಳಿಗೆ ನೇರ ಜೋಡಿಸಿ, ಸ್ಪ್ರಿಂಗಿನ ಮಿತಿಯಲ್ಲಿ ಬೂಸ್ಟ್ ನಿಲ್ಲುತ್ತದೆಯೇ ಎಂದು ಜಾಗ್ರತೆಯಿಂದ ಓಡಿಸಿ ನೋಡಬೇಕು. ಅಲ್ಲಿ ನಿಲ್ಲದಿದ್ದರೆ ದೋಷವಿರುವುದು ಕಂಪ್ಯೂಟರಿನಲ್ಲಲ್ಲ, ಕಬ್ಬಿಣದ ಕೆಲಸದಲ್ಲಿ.